ಗುಬ್ಬಿಯ ಒನ್ಸ್ ಮೋರ್

ಗುಬ್ಬಿಯಲ್ಲಿ ನಾನು ‘ಒನ್ಸ್ ಮೋರ್’ ಎಂದು ಕೂಗಿದ ಸಂಜೆ ದೇವರಾಯನದುರ್ಗದ ಬೆಟ್ಟ ಅರ್ಧ ಅಡಿ ಉತ್ತರಕ್ಕೆ ಸರಿಯಿತು. ಅದರ ಬುಡದ ನಾಮದ ಚಿಲುಮೆಯ ಜಿಂಕೆಗಳು ಎರಡು ದಿನ ಮೇವು ಮುಟ್ಟಲಿಲ್ಲ. ಬೆಟ್ಟವನ್ನು ಟೇಪು ಹಿಡಿದು ಅಳೆದವರಿದ್ದಾರೆ. ಜನ ಗಾಬರಿಯಾಗಬಾರದೆಂದು ಸುಮ್ಮನಿದ್ದಾರೆ, ಅಷ್ಟೇ. ಗುಬ್ಬಿಯೆಲ್ಲಿ, ಬೆಟ್ಟವೆಲ್ಲಿ ಎಂದು ಕೇಳುವವರಿಗೆ ನನ್ನ ಗಂಟಲಿನ ಪರಿಚಯವಿಲ್ಲ.

ನನ್ನ ಹೆಸರು ಗುರುಪ್ರಕಾಶ್. ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ನೀರಿನ ಬಾಟಲಿಯ ಮುಚ್ಚಳಗಳನ್ನು ಪರೀಕ್ಷಿಸುವ ಕೆಲಸ. ಈ ರಾಜ್ಯದಲ್ಲಿ ನೀವು ತಿರುಗಿಸಿ ತೆಗೆಯುವ ಪ್ರತಿ ಮೂರನೇ ಮುಚ್ಚಳ ನನ್ನ ಕಣ್ಣ ಕೆಳಗೆ ಹಾದು ಬಂದದ್ದು. ಅದು ಹೊಟ್ಟೆಪಾಡು. ನನ್ನ ನಿಜವಾದ ಉದ್ಯೋಗ ಅಭಿಮಾನಿಯಾಗಿರುವುದು.

ಯಾರ ಅಭಿಮಾನಿ ಎಂದರೆ, ತುಮಕೂರಿನ ‘ಕರೆಂಟ್ ಹೋಯ್ತು’ ಎಂಬ ಬ್ಯಾಂಡಿನ ಅಭಿಮಾನಿ. ಇಂಡೀ ರಾಕ್. ಅಂದರೆ ಸಿನಿಮಾಕ್ಕೆ ಬರೆಯದೆ, ಯಾವ ಕಂಪನಿಯ ಬಾಗಿಲನ್ನೂ ತಟ್ಟದೆ, ತಾವೇ ಹಾಡು ಕಟ್ಟಿ, ತಾವೇ ಸ್ಪೀಕರ್ ಹೊತ್ತು, ತಾವೇ ಬಾರಿಸಿ, ಕೊನೆಗೆ ತಾವೇ ವೈರು ಸುತ್ತಿಕೊಂಡು ಮನೆಗೆ ಹೋಗುವವರು. ಹಾಡುವವಳು ಸುಮನಾ, ಗಿಟಾರೂ ಅವಳದೇ. ಹಗಲಲ್ಲಿ ಲ್ಯಾಬೊಂದರಲ್ಲಿ ಜನರ ರಕ್ತ ತೆಗೆಯುತ್ತಾಳೆ, ಸಂಜೆ ಹಾಡಿ ಅದನ್ನೇ ಕುದಿಸುತ್ತಾಳೆ. ಡ್ರಮ್ಸ್ ಬಾರಿಸುವ ಗಂಗರಾಜು ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಪಳಗಿದವನು. ಬೇಸ್ ಗಿಟಾರಿಗೆ ಆ ದಿನ ಯಾರು ಸಿಕ್ಕರೆ ಅವರು. ಬ್ಯಾಂಡಿನ ಇನ್‌ಸ್ಟಾ ಪುಟ, ವಿಡಿಯೊ, ಊಟ ತಿಂಡಿ ಎಲ್ಲವನ್ನೂ ನೋಡಿಕೊಳ್ಳುವವಳು ದೀಪಿಕಾ ಎಂಬ, ನಗುವ ಮೊದಲು ಯೋಚನೆ ಮಾಡುವ ಹುಡುಗಿ.

ಇವರ ಎಪ್ಪತ್ತಮೂರು ಶೋ ನೋಡಿದ್ದೇನೆ. ಇದುವರೆಗೆ ಕೊಟ್ಟಿರುವುದೇ ಹನ್ನೆರಡು ಎನ್ನುತ್ತಾಳೆ ದೀಪಿಕಾ. ಅವಳು ರಿಹರ್ಸಲ್ ಸೇರಿಸುವುದಿಲ್ಲ. ನಾನು ಸೇರಿಸುತ್ತೇನೆ, ರಿಹರ್ಸಲ್ ಕೋಣೆಯ ಹೊರಗೆ ಬೈಕ್ ನಿಲ್ಲಿಸಿಕೊಂಡು, ಪೆಟ್ರೋಲ್ ಖಾಲಿಯಾದವನ ಹಾಗೆ ಮುಖ ಮಾಡಿಕೊಂಡು ಕೇಳಿದ್ದನ್ನೂ ಸೇರಿಸುತ್ತೇನೆ.

ಶೋಗಳಿಗೆ ನನ್ನ ಜೊತೆ ಯಾವಾಗಲೂ ಬರುತ್ತಿದ್ದವನು ಬಿಲಾಲ್. ಐಟಿಐನಲ್ಲಿ ನನ್ನದೇ ಬೆಂಚು. ಈಗ ಕುಣಿಗಲ್ಲಿನಲ್ಲಿ ಬೈಕ್ ಸೀಟ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ತಂದೆ ಅಜ್ಮತುಲ್ಲಾ ಸಾಬರು ಅಮೃತೂರಿನ ಸುತ್ತಮುತ್ತ ಹಳ್ಳಿ ನಾಟಕಗಳಿಗೆ ಮೈಕ್ ಸೆಟ್ ಹಾಕುತ್ತಿದ್ದವರು. ಹಾಗಾಗಿ ಬಿಲಾಲ್‌ಗೆ ಸ್ಪೀಕರ್ ಕಂಡರೆ ಸಾಕು, ಹತ್ತಿರ ಹೋಗಿ ಕಿವಿ ಕೊಡುತ್ತಾನೆ, ಮಗುವಿನ ಜ್ವರ ನೋಡುವ ಡಾಕ್ಟರ ಹಾಗೆ. ಮಾತು ಕಡಿಮೆ. ನನ್ನಂಥ ಕಂಠವಿಲ್ಲ. ಅಭಿಮಾನಿಯಾಗಿ ಅವನು ನನಗಿಂತ ಒಂದು ಮೆಟ್ಟಿಲು ಕೆಳಗೆ. ಇದನ್ನು ನೀವು ಮೊದಲೇ ತಿಳಿದಿರುವುದು ಒಳ್ಳೆಯದು.

ಈಗ ಗುಬ್ಬಿಗೆ ಬರೋಣ.

ಎರಡು ವರ್ಷದ ಹಿಂದಿನ ಮಾತು. ಯಾವುದೋ ಯುವಕ ಸಂಘದ ವಾರ್ಷಿಕೋತ್ಸವ, ಭಾನುವಾರ ಸಂಜೆ, ಕಲ್ಯಾಣ ಮಂಟಪದ ಹಾಲ್. ಬ್ಯಾಂಡಿಗೆ ಅದೇ ಮೊದಲ ಶೋ. ನಿರೂಪಣೆಗೆ ನಿಂತವರು ಏಕಾಂತಯ್ಯ ಮೇಷ್ಟ್ರು. ಹೆಗಲ ಮೇಲೆ ಶಾಲು, ಕೈಯಲ್ಲಿ ಚೀಟಿ. ಭರತನಾಟ್ಯ ಮುಗಿಯಿತು, ಬಹುಮಾನ ವಿತರಣೆ ಮುಗಿಯಿತು. ಮೇಷ್ಟ್ರು ಚೀಟಿ ತಿರುಗಿಸಿ ನೋಡಿ, ಕನ್ನಡಕ ಸರಿಪಡಿಸಿಕೊಂಡು, ಗಂಭೀರವಾಗಿ ಘೋಷಿಸಿದರು: “ಮಹನೀಯರೇ, ಮಹಿಳೆಯರೇ, ಈಗ ಕರೆಂಟ್ ಹೋಯ್ತು.”

“ಎಲ್ ಹೋಗೈತೆ, ಫ್ಯಾನ್ ತಿರುಗ್ತಾ ಐತಲ್ಲ,” ಎಂದರು ನನ್ನ ಮುಂದಿನ ಸಾಲಿನ ಅಜ್ಜಿ.

“ಹೋಗ್ತದಂತೆ ಕಣಮ್ಮೋ, ಮೊದ್ಲೇ ಹೇಳ್ತಾವ್ರೆ,” ಎಂದರು ಪಕ್ಕದವರು, ಚಪ್ಪಲಿ ಹುಡುಕುತ್ತಾ.

ಜನರೇಟರಿನವನು ಹೊರಗೆ ಓಡಿದ. ಹೆಂಗಸರು ಮಕ್ಕಳನ್ನು ಎತ್ತಿಕೊಂಡರು. ಊಟದ ಸಾಲಿಗೆ ಇದೇ ಸಮಯ ಎಂದು ಗಂಡಸರೂ ಎದ್ದರು. ಸುಮನಾ ಗಿಟಾರ್ ತಗುಲಿಸಿಕೊಂಡು ಸ್ಟೇಜಿಗೆ ಬರುವ ಹೊತ್ತಿಗೆ ಹಾಲ್‌ನಲ್ಲಿ ಉಳಿದವರು ಹದಿನೆಂಟು ಜನ. ನಾನು, ಬಿಲಾಲ್, ಸ್ಟೇಜಿನ ಬದಿಯಲ್ಲಿ ದೀಪಿಕಾ, ಆ ಅಜ್ಜಿ, ಮಿಕ್ಕವರು ನಿದ್ದೆ ಹೋದವರು. ಸ್ಟೇಜಿನದು ಬಿಟ್ಟು ಮಿಕ್ಕ ದೀಪಗಳನ್ನು ಆರಿಸಿದ್ದರಿಂದ ನಾವೆಲ್ಲ ಕತ್ತಲಲ್ಲಿದ್ದೆವು.

ಆದರೂ ಅವಳು ಹಾಡಿದಳು. ಮೊದಲ ಮೂರು ಹಾಡು ಗೋಡೆಗೆ ಹೋದವು. ನಾಲ್ಕನೆಯದು ‘ನಿಲ್ಲದ ಬಸ್ಸು’. ರಿಕ್ವೆಸ್ಟ್ ಸ್ಟಾಪಿನಲ್ಲಿ ಕೈ ಅಡ್ಡ ಹಾಕಿ ನಿಂತವಳನ್ನು ಬಿಟ್ಟು ಬಸ್ಸು ಹೊರಟುಹೋಗುತ್ತದೆ, ಅಷ್ಟೇ ಕಥೆ. ಗಿಟಾರು, ಡ್ರಮ್ಸು ಎರಡೂ ಒಮ್ಮೆಲೇ ನಿಲ್ಲುತ್ತವೆ, ಬರೀ ಅವಳ ದನಿ ಉಳಿಯುತ್ತದೆ: ‘ಡ್ರೈವರಣ್ಣ, ಕನ್ನಡಿಯಲ್ಲಾದ್ರೂ ಒಂದ್ಸಲ ನನ್ನ ನೋಡ್ದೇನಾ?’

ಆ ಸಾಲು ಮುಗಿದಾಗ ಹಾಲ್‌ನಲ್ಲಿ ಎಂಥ ಮೌನವಿತ್ತೆಂದರೆ, ಅಡುಗೆಮನೆಯಲ್ಲಿ ಹಪ್ಪಳ ಎಣ್ಣೆಗೆ ಬಿದ್ದದ್ದು ಕೇಳಿಸಿತು. ಆಗ ನಾನು ಎದ್ದು ನಿಂತೆ. ಎದೆ ಉಬ್ಬಿಸಿದೆ. ನಮ್ಮ ಕಡೆಯ ನಾಟಕಗಳಲ್ಲಿ ಒಂದು ಪದ್ಧತಿ ಇದೆಯಲ್ಲ, ಹಾಡು ಚೆನ್ನಾಗಿದ್ದರೆ ಜನ ‘ಒನ್ಸ್ ಮೋರ್’ ಎನ್ನುತ್ತಾರೆ. ಆಗಷ್ಟೇ ಸತ್ತುಬಿದ್ದ ಪಾತ್ರಧಾರಿಯೂ ಎದ್ದು, ಕಿರೀಟ ನೆಟ್ಟಗೆ ಮಾಡಿಕೊಂಡು, ಇನ್ನೊಂದು ಸಲ ಹಾಡಿ ಮತ್ತೆ ಸಾಯಬೇಕು. ಆ ಪದ್ಧತಿಯ ಪ್ರಕಾರ, ಆ ರಾಗದಲ್ಲಿಯೇ, ‘ಒನ್ಸ್’ ಅನ್ನು ಮೊಟಕಾಗಿಸಿ ‘ಮೋ’ವನ್ನು ಹಿಗ್ಗಿಸಿ ಕೂಗಿದೆ. ಎರಡು ಟ್ಯೂಬ್‌ಲೈಟ್ ಒಡೆದವು. ನಿದ್ದೆ ಹೋದವರು ಎದ್ದು ನಿಂತು ರಾಷ್ಟ್ರಗೀತೆ ಎಂದುಕೊಂಡು ಕೈ ಕೆಳಗೆ ಬಿಟ್ಟರು. ಬೆಟ್ಟದ ವಿಷಯ ಆಗಲೇ ಹೇಳಿದ್ದೇನೆ.

ಸುಮನಾ ಬೆಚ್ಚಿದಳು. ಅವಳು ಕೇಳಿದ್ದ ರಾಕ್ ಶೋಗಳಲ್ಲಿ ಹಾಡಿನ ನಡುವೆ ಯಾರೂ ಹೀಗೆ ಕೂಗಿರಲಿಲ್ಲ. ಆಮೇಲೆ ನಕ್ಕಳು. ಅದೇ ಸಾಲನ್ನು ಇನ್ನೊಂದು ಸಲ ಹಾಡಿದಳು, ಮೊದಲಿಗಿಂತ ಚೆನ್ನಾಗಿ. ಮೂರನೇ ಸಲ ಅಜ್ಜಿಯೂ ದನಿ ಕೂಡಿಸಿದರು.

ದೀಪಿಕಾಳ ಫೋನು ನಮ್ಮ ಮುಂದಿನ ಕುರ್ಚಿಯ ಮೇಲೆ ನೀರಿನ ಬಾಟಲಿಗೆ ಆನಿಸಿ ರೆಕಾರ್ಡ್ ಮಾಡುತ್ತಿತ್ತು. ಮಾರನೆಯ ದಿನ ಅವಳು ಅದರಿಂದ ಇಪ್ಪತ್ತು ಸೆಕೆಂಡ್ ಕತ್ತರಿಸಿ ಹಾಕಿದಳು: ಆ ಸಾಲು, ಆ ಕೂಗು, ಆ ನಗು. ಊರೂರಿಗೆ ಹಬ್ಬಿತು. ಆಮೇಲಿನ ಪ್ರತಿ ಶೋದಲ್ಲೂ ಆ ಸಾಲು ಬಂದ ಕೂಡಲೇ ಜನವೆಲ್ಲ ಒಟ್ಟಾಗಿ ‘ಒನ್ಸ್ ಮೋರ್’ ಎನ್ನತೊಡಗಿದರು. ಯಾರೂ ಕಾಣದ, ಕತ್ತಲಲ್ಲಿ ಕೇಳುವ ಒಂದು ದನಿ ಹಾಡಿನ ಭಾಗವೇ ಆಗಿಹೋಯಿತು.

ಇಷ್ಟಾದರೂ ಸುಮನಾಗೆ ನನ್ನ ಹೆಸರು ಗೊತ್ತಿರಲಿಲ್ಲ. ಇದು ನನ್ನ ದುಃಖ. ಪ್ರೀತಿ ಗೀತಿ ಎಂದು ತಿಳಿಯಬೇಡಿ; ಅವಳಿಗೆ ಮದುವೆ ಗೊತ್ತಾಗಿದೆ, ನಾನೇ ಊಟಕ್ಕೆ ಹೋಗುವವನಿದ್ದೇನೆ. ನನಗೆ ಬೇಕಾಗಿದ್ದು ಇಷ್ಟೇ: ಸ್ಟೇಜಿನ ಮೇಲಿಂದ, ಮೈಕಿನಲ್ಲಿ, ಅವಳು ಒಂದು ಸಲ ನನ್ನ ಹೆಸರು ಹೇಳಬೇಕು. ಎಪ್ಪತ್ತಮೂರು ಶೋ ನೋಡಿದವನಿಗೆ ಅದು ದೊಡ್ಡ ಆಸೆಯಲ್ಲ. ಅದಕ್ಕಾಗಿ ಯಾವ ಕಾಯಿಲೆಯೂ ಇಲ್ಲದೆ ಅವಳ ಲ್ಯಾಬಿನಲ್ಲಿ ಮೂರು ಸಲ ಶುಗರ್ ಟೆಸ್ಟ್ ಮಾಡಿಸಿದೆ. ಟ್ಯೂಬಿನ ಮೇಲೆ ಪ್ರತಿ ಸಲವೂ ಅವಳೇ ನನ್ನ ಹೆಸರು ಬರೆದಳು. ಪ್ರತಿ ಸಲವೂ ಕೇಳಿದ್ದು ಒಂದೇ ಪ್ರಶ್ನೆ: “ಖಾಲಿ ಹೊಟ್ಟೇಲಿ ಬಂದಿದೀರಾ?”

ಬಿಲಾಲ್‌ಗೆ ಮಾತ್ರ ಎಲ್ಲವೂ ಕೇಳದೆ ಸಿಕ್ಕವು.

ಕುಣಿಗಲ್ಲಿನ ಶೋ ದಿನ ಸುಮನಾಳ ಗಿಟಾರಿನ ಪಟ್ಟಿ ಕಿತ್ತುಬಂತು. ಹೆಗಲಿಗೆ ತಗುಲಿಸಿಕೊಳ್ಳುವ ಪಟ್ಟಿ. ಅದಿಲ್ಲದೆ ನಿಂತು ಬಾರಿಸಲಾಗದು. ಬಿಲಾಲ್ ಅಂಗಡಿಗೆ ಹೋಗಿ, ಬುಲೆಟ್ ಸೀಟಿಗೆ ತಂದಿದ್ದ ಕಂದು ರೆಕ್ಸಿನ್ ಕತ್ತರಿಸಿ, ಒಳಗೆ ತೆಳು ಸ್ಪಂಜು ಇಟ್ಟು, ಎರಡು ಸಾಲು ಹೊಲಿಗೆ ಹಾಕಿ, ಅರ್ಧ ಗಂಟೆಯಲ್ಲಿ ಹೊಸ ಪಟ್ಟಿ ತಂದುಕೊಟ್ಟ. ಸುಮನಾ ಹೆಗಲಿಗೆ ಹಾಕಿಕೊಂಡು, “ಅಯ್ಯೋ, ಭಾರಾನೇ ಗೊತ್ತಾಗಲ್ಲ ಬಿಲಾಲಣ್ಣಾ,” ಎಂದಳು. ಬಿಲಾಲಣ್ಣ. ಹೆಸರೂ ಸಿಕ್ಕಿತು, ‘ಅಣ್ಣ’ ಎಂಬುದೂ ಸಿಕ್ಕಿತು. ನಾನು ಅಲ್ಲೇ ಪಕ್ಕದಲ್ಲಿ ಎರಡು ಸ್ಪೀಕರ್ ಹೊತ್ತು ನಿಂತಿದ್ದೆ. ಒಂದು ಎಂದು ಬಿಲಾಲ್ ಹೇಳುತ್ತಾನೆ.

ಶೋ ಮುಗಿಯುವಾಗ ಸುಮನಾ ಮೈಕಿನಲ್ಲಿ, “ಥ್ಯಾಂಕ್ಸ್ ಗುರು, ಇವತ್ತು ನೀನಿಲ್ದಿದ್ರೆ ಶೋನೇ ಇರ್ತಿರ್ಲಿಲ್ಲ,” ಎಂದಳು.

ಮನೆಯಲ್ಲಿ, ಫ್ಯಾಕ್ಟರಿಯಲ್ಲಿ, ಎಲ್ಲ ಕಡೆ ನಾನು ಗುರು. ಕುರ್ಚಿ ಹತ್ತಿ ನಿಂತು, ಎರಡೂ ಕೈ ಎತ್ತಿ, ನಾಲ್ಕೂ ದಿಕ್ಕಿಗೆ ನಮಸ್ಕಾರ ಮಾಡಿದೆ. ಜನ ನನ್ನನ್ನು ನೋಡಿದರು. ಸುಮನಾಳೂ ನೋಡಿದಳು, ಯಾರಿದು ಎಂಬಂತೆ. ಆಮೇಲೆ ನನ್ನ ತಲೆಯ ಆಚೆ, ಸ್ಪೀಕರ್ ಪಕ್ಕ ನಿಂತಿದ್ದ ಬಿಲಾಲ್ ಕಡೆಗೆ ಕೈ ಬೀಸಿದಳು.

“ಕೆಳಗಿಳೀಲಾ,” ಎಂದ ಬಿಲಾಲ್, ಬಂದು ನನ್ನ ಪ್ಯಾಂಟ್ ಜಗ್ಗುತ್ತಾ. “ಅವ್ರು ಎಲ್ರಿಗೂ ಗುರು ಅಂತಾರೆ. ಲೈಟ್‌ನವ್ನಿಗೂ ಗುರು, ಆಟೋದವ್ನಿಗೂ ಗುರು.”

“ನಂಗೇ ಹೇಳಿದ್ದು. ನೀನ್ ನೋಡ್ಲಿಲ್ಲ.”

“ಸರಿ, ನಿಂಗೇ ಹೇಳಿದ್ದು. ಕುರ್ಚಿ ಬಾಡಿಗೇದು, ಇಳಿ.”

ಆ ದಿನ ಬ್ಯಾಂಡಿನವರೆಲ್ಲ ಬಿಲಾಲ್ ಮನೆಯಲ್ಲಿ ಊಟ ಮಾಡಿದರು. ಅವನ ತಾಯಿ ಬಾನು ಅವರು ಬಡಿಸಿದ ಬಿರಿಯಾನಿಯನ್ನು ಗಂಗರಾಜು ಮೂರು ಸಲ ಹಾಕಿಸಿಕೊಂಡ. ನಾನು ಎರಡು ತುತ್ತು ತಿಂದು ಕೈ ತೊಳೆದೆ. ಬಿರಿಯಾನಿ ಚೆನ್ನಾಗಿರಲಿಲ್ಲ ಎಂದು ಈಗಲೂ ಹೇಳಬಲ್ಲೆ, ಆದರೆ ಅಷ್ಟು ದೊಡ್ಡ ಸುಳ್ಳು ನನ್ನಿಂದಲೂ ಆಗದು.

ಹೀಗಿರುವಾಗ, ಈ ವರ್ಷ ಬ್ಯಾಂಡಿಗೆ ತುಮಕೂರಿನಲ್ಲೇ ದೊಡ್ಡ ಶೋ ಗೊತ್ತಾಯಿತು: ಅಮಾನಿಕೆರೆಯ ಗಾಜಿನ ಮನೆ, ಭಾನುವಾರ ಸಂಜೆ ಐದಕ್ಕೆ. ದೀಪಿಕಾ ಇನ್‌ಸ್ಟಾದಲ್ಲಿ ಬರೆದಳು: ‘ಗುಬ್ಬಿಯಲ್ಲಿ ಒನ್ಸ್ ಮೋರ್ ಕೂಗಿದವರು ಯಾರು? ನೀವು ಬಂದು ಸುಮನಾ ಪಕ್ಕದಲ್ಲಿ ನಿಂತು, ಅದೇ ಮೈಕಿನಲ್ಲಿ ಕೂಗಬೇಕು. ನಿಮ್ಮ ಹೆಸರು ಹೇಳಿ ಸ್ಟೇಜಿಗೆ ಕರೆಯುತ್ತೇವೆ. ನಮ್ಮ ಮೊದಲ ಆಲ್ಬಮ್ಮಿಗೂ ಅವತ್ತೇ ರೆಕಾರ್ಡಿಂಗ್.’

ಹೆಸರು ಹೇಳಿ ಕರೆಯುತ್ತಾರೆ. ನಾನು ಅದನ್ನು ಓದಿದ ಹನ್ನೊಂದನೇ ಸೆಕೆಂಡಿಗೆ ‘ಅದು ನಾನೇ’ ಎಂದು ಬರೆದೆ. ಮೊದಲ ಹತ್ತು ಸೆಕೆಂಡ್ ಕನ್ನಡ ಕೀಬೋರ್ಡ್ ಹುಡುಕಲು ಹೋಯಿತು.

ಅವತ್ತು ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಿಲಾಲ್ ಫೋನ್ ಮಾಡಿದ. ಹಿಂದೆ ಹೊಲಿಗೆ ಮೆಷಿನ್ನಿನ ಸದ್ದು.

“ಏನ್ಲಾ ಗುರು, ಗುಬ್ಬೀಲಿ ಕೂಗಿದ್ದು ನೀನಂತೆ.”

“ಹೂಂ ಕಣೋ. ಯಾಕೆ?”

ಮೆಷಿನ್ ನಿಂತಿತು.

“ಏನಿಲ್ಲ. ಚೆನ್ನಾಗ್ ಕೂಗು. ಸರಿ ಬುಡು.”

ನೋಡಿ, ಹೊಟ್ಟೆಕಿಚ್ಚಿನವರು ಹೀಗೆಯೇ. ನೇರ ಹೇಳುವುದಿಲ್ಲ, ‘ಸರಿ ಬುಡು’ ಎಂದು ಫೋನ್ ಇಡುತ್ತಾರೆ. ನನಗೆ ಎರಡು ದಿನ ಅನ್ನ ಸೇರಲಿಲ್ಲ. ಗೆಳೆಯನೊಬ್ಬನಿಗೆ ನನ್ನ ಏಳಿಗೆ ಕಂಡು ಇಷ್ಟು ಸಂಕಟವಾಗುತ್ತದಲ್ಲ ಎಂದು ಬೇಸರ.

ಮುಂದಿನ ಹದಿನೈದು ದಿನ ಫ್ಯಾಕ್ಟರಿಯಲ್ಲಿ ಅಭ್ಯಾಸ ಮಾಡಿದೆ. ಮುಚ್ಚಳ ತುಂಬಿದ ಡಬ್ಬಗಳ ಕೋಣೆಯಲ್ಲಿ ನಿಂತು ಕೂಗಿದರೆ ದನಿ ಚೆನ್ನಾಗಿ ತಿರುಗಿ ಬರುತ್ತದೆ. ಮೂರನೇ ದಿನ ಸೂಪರ್‌ವೈಸರ್ ವೀರಭದ್ರಯ್ಯನವರು ಬಾಗಿಲಲ್ಲಿ ತಲೆ ಹಾಕಿದರು.

“ಏನಪ್ಪಾ ಗುರುಪ್ರಕಾಶ, ಹೊಟ್ಟೆ ನೋವಾ?”

“ಇಲ್ಲ ಸಾರ್, ಒನ್ಸ್ ಮೋರ್ ಪ್ರಾಕ್ಟೀಸು.”

“ಒಂದ್ಸಲಕ್ಕೇ ಇಷ್ಟು ಕಷ್ಟ ಪಡ್ತಾ ಇದೀಯ, ಇನ್ನೊಂದ್ಸಲ ಬ್ಯಾಡ ಬುಡು,” ಎಂದು ಹೋದರು.

ಶೋ ದಿನ ಮಧ್ಯಾಹ್ನ ಎರಡು ಗಂಟೆಗೆ ಸೌಂಡ್ ಚೆಕ್. ಗಾಜಿನ ಮನೆಯೊಳಗೆ ಬಿಸಿಲು ತುಂಬಿ ಬೇಯುತ್ತಿತ್ತು. ನಾನು ಹೊಸ ಅಂಗಿ ತೊಟ್ಟು, ಗಂಟಲಿಗೆ ಶುಂಠಿ ಅರೆದು ನುಂಗಿ, ಒಂದೂವರೆಗೇ ಹೋಗಿದ್ದೆ. ಬಿಲಾಲ್ ಕೂಡ ಬಂದಿದ್ದ. ಪಟ್ಟಿಯ ಹೊಲಿಗೆ ಒಂದು ಕಡೆ ಬಿಚ್ಚಿಕೊಂಡಿತ್ತಂತೆ, ಸುಮನಾಳೇ ಕರೆಸಿದ್ದಳಂತೆ. ಸ್ಟೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ದಪ್ಪ ಸೂಜಿಯಿಂದ ಹೊಲಿಯುತ್ತಿದ್ದ. ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದ. ಕೆಟ್ಟ ಮುಖ ಮಾಡಿರಲಿಲ್ಲ. ಮಾಡಿದ್ದರೆ ನನಗೆ ಸಲೀಸಾಗುತ್ತಿತ್ತು.

“ಬನ್ನಿ ಸಾರ್, ಒಂದ್ಸಲ ಮೈಕಲ್ಲಿ ಹೇಳಿ,” ಎಂದಳು ದೀಪಿಕಾ. ಅವಳ ಮುಂದೆ ಲ್ಯಾಪ್‌ಟಾಪು.

ಸುಮನಾ ಆ ಸಾಲು ಹಾಡಿದಳು. ಸಂಗೀತ ನಿಂತಿತು. ನಾನು ಕೂಗಿದೆ.

ಗಾಜಿನ ಮನೆಯ ಅರ್ಧ ಗಾಜು ಒಡೆದು ಉದುರಿತು ಎಂದು ಬರೆಯಬೇಕೆಂದಿದ್ದೆ. ನಿಜವಾಗಿ ಏನಾಯಿತೆಂದರೆ, ಗಂಗರಾಜು ಡ್ರಮ್ಸ್ ಹಿಂದಿನಿಂದ, “ಬಸ್ ಕಂಡಕ್ಟರ್ ‘ರೈಟ್’ ಅಂದಂಗಾಯ್ತು,” ಎಂದ.

“ಶೀತ ಆಗೈತೆ,” ಎಂದೆ.

“ವಿಡಿಯೋದಲ್ಲಿ ಬೇರೆ ತರ ಇದೆಯಲ್ಲ,” ಎಂದಳು ದೀಪಿಕಾ. “‘ಮೋ’ ಅನ್ನೋದನ್ನ ಎಳೆದು ಮೇಲಕ್ಕೆ ತಗೊಂಡು ಹೋಗ್ತೀರಿ ಅದ್ರಲ್ಲಿ. ನಾಟಕದೋರ ತರ. ಇರಿ, ಒರಿಜಿನಲ್ಲೇ ಹಾಕ್ತೀನಿ. ಕೇಳ್ಕೊಂಡು ಹಂಗೇ ಹೇಳಿ.”

ಇನ್‌ಸ್ಟಾದಲ್ಲಿ ಹಾಕಿದ್ದ ಇಪ್ಪತ್ತು ಸೆಕೆಂಡಿನ ತುಣುಕು ಹಾಕುತ್ತಾಳೆ ಎಂದುಕೊಂಡೆ. ಅದನ್ನು ನಾನು ನಾಲ್ಕು ಸಾವಿರ ಸಲ ಕೇಳಿದ್ದೇನೆ. ಅದರಿಂದ ನನಗೆ ಯಾವ ಅಪಾಯವೂ ಇರಲಿಲ್ಲ. ಅವಳು ಹಾಕಿದ್ದು ಕತ್ತರಿಸದ ರೆಕಾರ್ಡಿಂಗು. ನಗುವಿನ ಆಚೆ ಅದರಲ್ಲಿ ಏನಿದೆಯೆಂದು ಅವಳೂ ಎಂದೂ ಕೇಳಿರಲಿಲ್ಲವಂತೆ. ಫೋನಿನಲ್ಲೂ ಅಲ್ಲ, ಆಳೆತ್ತರದ ಎಂಟು ಸ್ಪೀಕರುಗಳಲ್ಲಿ.

ಸುಮನಾಳ ಸಾಲು ಬಂತು. ಮೌನ ಬಂತು. ಹಪ್ಪಳದ ಸದ್ದೂ ಬಂತು. ಆ ಒಂದು ವಿಷಯದಲ್ಲಿ ನಾನು ಸುಳ್ಳು ಹೇಳಿರಲಿಲ್ಲ. ಆಮೇಲೆ ಆ ಕೂಗು: ಮೊಟಕಾದ ‘ಒನ್ಸ್’, ನಿಧಾನವಾಗಿ ಮೇಲೇರಿ ಅಲ್ಲೇ ತೂಗಿ ನಿಂತ ‘ಮೋರ್’. ಸುಮನಾಳ ನಗು ಶುರುವಾಯಿತು. ಅಲ್ಲಿಗೆ ತುಣುಕು ಮುಗಿಯಬೇಕಿತ್ತು. ಮುಗಿಯಲಿಲ್ಲ. ಫೋನಿನ ತೀರ ಹತ್ತಿರದಲ್ಲಿ ಇನ್ನೊಂದು ದನಿ, ಹಲ್ಲು ಕಚ್ಚಿಕೊಂಡು ಆಡಿದ್ದು, ಎಂಟೂ ಸ್ಪೀಕರುಗಳಿಂದ ಬಂತು:

“ಏಯ್, ಕೂತ್ಕೊಳ್ಲಾ ಬಿಲಾಲ್. ಬಾಯ್ಮುಚ್ಚು. ನಿಮ್ಮಪ್ಪನ ಮೈಕ್ ಸೆಟ್ ನಾಟಕ ಅನ್ಕಂಡಾ ಇದು? ನಿನ್ ಜೊತೆ ಬಂದಿದ್ದಕ್ಕೆ ನನ್ ಮಾನಾನೂ ಹೋಯ್ತು.”

ದೀಪಿಕಾ ನಿಲ್ಲಿಸಿದಳು. ಗಂಗರಾಜು ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡ. ಸುಮನಾ ನನ್ನನ್ನು ನೋಡಿದಳು, ಬಿಲಾಲ್‌ನನ್ನು ನೋಡಿದಳು.

“ಯಾರ ದನಿ ಇದು, ಎರಡ್ನೇದು?”

“ಎರಡೂ ನಂದೇ,” ಎಂದೆ. ಬಾಯಿಗೆ ಅಭ್ಯಾಸ. “ಕೂಗಿದ್ದು ನಾನು. ಆಮೇಲೆ ನನಗೆ ನಾನೇ ಬೈಕೊಂಡೆ.”

“ನಿಮ್ ಹೆಸರು ಬಿಲಾಲ್ ಅಂತಾನಾ?” ಎಂದಳು ದೀಪಿಕಾ.

ಆಗ ಬಿಲಾಲ್ ಸೂಜಿಯನ್ನು ರೆಕ್ಸಿನ್ನಿಗೆ ಚುಚ್ಚಿಟ್ಟು ಎದ್ದ.

“ಅವ್ನೇ ಸುಮನಕ್ಕ ಕೂಗಿದ್ದು,” ಎಂದ. “ಅವ್ನ್ ಕೂಗ್ದ, ನಾನ್ ಬೈದೆ. ರೆಕಾರ್ಡಲ್ಲಿ ದನಿ ಅದಲು ಬದಲಾಗ್ತವೆ, ನಮ್ಮ ಅಬ್ಬಾನ್ ಸೆಟ್ಟಲ್ಲಿ ಎಷ್ಟು ಸಲ ಆಗಿಲ್ಲ.”

ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಐಟಿಐ ದಿನಗಳಿಂದಲೂ ಬರುವುದಿಲ್ಲ. ಹೇಳುವಾಗ ಅಂಗಿಯ ಗುಂಡಿ ಹಿಡಿದು ತಿರುಗಿಸುತ್ತಾನೆ. ಈಗಲೂ ತಿರುಗಿಸುತ್ತಿದ್ದ. ನನ್ನ ಜೀವಮಾನದಲ್ಲಿ ನಾನು ಹೇಳಿದ ಸುಳ್ಳುಗಳನ್ನೆಲ್ಲ ಒಂದು ಲಾರಿಗೆ ತುಂಬಿದರೂ, ಅವುಗಳಲ್ಲಿ ಒಂದೂ ಬೇರೆಯವರಿಗಾಗಿ ಹೇಳಿದ್ದು ಸಿಗುವುದಿಲ್ಲ. ಇವನು ಹೇಳಿದ್ದು ಒಂದೇ, ಅದೂ ನನಗಾಗಿ. ಸುಳ್ಳಿನಲ್ಲೂ ಇವನೇ ನನಗಿಂತ ಮೇಲಾದ.

“ಇಲ್ಲ,” ಎಂದೆ. “ಕೂಗಿದ್ದು ಅವ್ನು. ಬಾಯ್ಮುಚ್ಚು ಅಂದಿದ್ದು ನಾನು.”

ಮೈಕ್ ನನ್ನ ಕೈಯಲ್ಲೇ ಇತ್ತು, ಆಫ್ ಆಗಿರಲಿಲ್ಲ. ಕೆರೆಯ ದಂಡೆಯಲ್ಲಿ ಐಸ್‌ಕ್ರೀಂ ಗಾಡಿ ನಿಲ್ಲಿಸಿಕೊಂಡಿದ್ದವನೂ ತಿರುಗಿ ನೋಡಿದ.

ಮಿಕ್ಕದ್ದನ್ನೂ ಅಲ್ಲೇ ಹೇಳಿದೆ, ಮೈಕ್ ಆಫ್ ಮಾಡಿಕೊಂಡು. ಗುಬ್ಬಿಯಿಂದ ತುಮಕೂರಿನವರೆಗೆ ಬೈಕಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅವನಿಗೆ ಬೈದಿದ್ದೆ: ಹಾಡಿನ ಮಧ್ಯ ಕೂಗುತ್ತಾರೇನೋ, ರಾಕ್ ಶೋ ಅಂದರೆ ಏನು ಗೊತ್ತೇನೋ ನಿನಗೆ, ಪಾಪ ಆ ಹುಡುಗಿ ಬೆಚ್ಚಿಬಿದ್ದಳು, ಇನ್ನು ಯಾರ ಮುಂದೆಯೂ ಇದು ನೀನೇ ಎಂದು ಹೇಳಬೇಡ. ಅವನು ನಂಬಿದ. ತಾನು ಹಾಡು ಕೆಡಿಸಿದೆ ಎಂದೇ ನಂಬಿದ. ತುಣುಕು ಊರೂರಿಗೆ ಹಬ್ಬಿದಾಗಲೂ, ಜನ ಅದನ್ನು ತಮಾಷೆಗೆ ಕೂಗುತ್ತಾರೆ ಎಂದುಕೊಂಡು ಸುಮ್ಮನಿದ್ದ. ಎರಡು ವರ್ಷ, ಹತ್ತು ಶೋ. ಆ ಸಾಲು ಬಂದಾಗ ಜನವೆಲ್ಲ ಕೂಗುತ್ತಿದ್ದರೆ ಇವನೊಬ್ಬನೇ ಬಾಯಿ ಮುಚ್ಚಿಕೊಂಡು ನಿಂತಿರುತ್ತಿದ್ದ. ನಾನು ಅದನ್ನು ಪ್ರತಿ ಸಲವೂ ನೋಡಿದ್ದೆ.

ಸುಮನಾ ಬಿಲಾಲ್ ಹತ್ತಿರ ಹೋಗಿ, ಹೊಲಿದ ಪಟ್ಟಿಯನ್ನು ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡಳು. “ಅವತ್ತು ಆ ಕೂಗು ಬರ್ದಿದ್ರೆ ಆ ಹಾಡು ಅಲ್ಲಿಗೇ ಬಿಟ್ಬಿಡ್ತಿದ್ದೆ ಬಿಲಾಲಣ್ಣ,” ಎಂದಳು. “ಬ್ಯಾಂಡೂ ಬಿಟ್ಬಿಡ್ತಿದ್ನೇನೋ.” ಆಮೇಲೆ ನನ್ನ ಕಡೆ ತಿರುಗಿದಳು. “ನಿಮ್ ಹೆಸರೇನಂದ್ರಿ?”

“ಗುರುಪ್ರಕಾಶ್.”

“ಇನ್ ಮರೆಯಲ್ಲ ಬಿಡಿ.”

ಅವಳು ನಗಲಿಲ್ಲ. ಗಂಗರಾಜು ನಕ್ಕ.

ಸಂಜೆ ಅವಳು ಬಿಲಾಲ್ ಹೆಸರು ಹೇಳಿ ಕರೆದಳು, ಅವನು ಹೋಗಿ ಕೂಗಿದ. ಹೇಗೆ ಕೂಗಿದನೆಂದು ನಾನು ಬರೆಯುವುದಿಲ್ಲ; ಬರೆದರೆ ನೀವು ಅದನ್ನೂ ನನ್ನ ಉತ್ಪ್ರೇಕ್ಷೆ ಎನ್ನುತ್ತೀರಿ. ಸುಮನಾ ಆ ಸಾಲನ್ನು ನಾಲ್ಕು ಸಲ ಹಾಡಬೇಕಾಯಿತು.

ಅದು ಮುಗಿದ ಮೇಲೆ ಅವನು ಜನರ ನಡುವೆ ದಾರಿ ಮಾಡಿಕೊಂಡು ನಾನು ನಿಂತಿದ್ದ ಕಂಬದ ಹತ್ತಿರ ಬಂದ. ಕೊರಳಲ್ಲಿ ಬೆವರು. ಯಾರೋ ಅವನ ಬೆನ್ನು ತಟ್ಟಿ ಹೋದರು. ಸ್ಟೇಜಿನ ಮೇಲೆ ಮುಂದಿನ ಹಾಡು ಶುರುವಾಗಿತ್ತು. ಅವನು ನನ್ನ ಕಿವಿಯ ಹತ್ತಿರ ಬಾಗಬೇಕಾಯಿತು.

“ಒಂದ್ ಮಾತು ನಿಜ ಹೇಳ್ಲಾ. ಅವತ್ತು ಗುಬ್ಬೀಲಿ, ನಾನ್ ಕೂಗಿದ್ದು ಅಷ್ಟ್ ಕೆಟ್ಟದಾಗಿತ್ತಾ?”

ಇಷ್ಟು ದಿನ ಅವನಿಗಿದ್ದ ಪ್ರಶ್ನೆ ಅದೊಂದೇ. ನಾನು ಅವನ ಹೆಸರು ಕದ್ದದ್ದಲ್ಲ, ಅವನ ಜಾಗಕ್ಕೆ ಹೋಗಿ ನಿಂತದ್ದಲ್ಲ. ಏನಾದರೂ ದೊಡ್ಡದು ಹೇಳೋಣ ಎಂದು ಬಾಯಿ ತೆರೆದೆ. ಬಂದದ್ದು ಇಷ್ಟೇ.

“ಇಲ್ಲ ಕಣೋ. ಚೆನ್ನಾಗಿತ್ತು. ಆ ಸಾಲು ಮುಗಿದಾಗ ನನ್ ಬಾಯಲ್ಲೂ ಅದೇ ಬಂದಿತ್ತು. ನಾಲ್ಕ್ ಜನ ಏನಂತಾರೋ ಅಂತ ನುಂಗ್ದೆ. ಅಷ್ಟ್ರಲ್ಲಿ ನೀನು ಎದ್ದು ನಿಂತ್ಬಿಟ್ಟೆ. ಅದನ್ನ ತಡ್ಕೊಳಕ್ಕಾಗ್ಲಿಲ್ಲ, ನಿನ್ ಅಂಗಿ ಹಿಡಿದು ಜಗ್ಗಿದೆ.”